ಹೊಡೆಯದ ಕೇಪುಗಳು

ನಮ್ಮ ಮನೆಯ ಬಂದೂಕು ಹೊಡೆದರೆ ಹೊಡೆಯಿತು, ಇಲ್ಲದಿದ್ದರೆ ಇಲ್ಲ. ನಾನು ಮದುವೆಯಾಗಿ ಸಾಸಲು ಕಡೆಯ ಈ ಊರಿಗೆ ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಮಾವನ ಅಪ್ಪನ ಕಾಲದ್ದು, ಒಂದೇ ನಳಿಗೆ, ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಪಡೆದದ್ದು. ತೋಟಾ ಹಾಕುವ ಬಂದೂಕಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದ ಕಡ್ಡಿಯಿಂದ ಜಡಿದು, ಹಿಂದಿನ ಸಣ್ಣ ಮೂತಿಗೆ ತಾಮ್ರದ ಒಂದು ಕೇಪು ತೊಡಿಸಬೇಕು. ಕೇಪು ಅಂದರೆ ತೊಗರಿಬೇಳೆಗಿಂತ ಸ್ವಲ್ಪ ದೊಡ್ಡದಾದ ಒಂದು ಟೋಪಿ. ಬಂದೂಕಿನ ಕುದುರೆ ಅದರ ನೆತ್ತಿಗೆ ಬಡಿದರೆ ಒಳಗಿನ ಚೂರು ಮದ್ದು ಕಿಡಿಯಾಗಿ ನಳಿಗೆಯೊಳಗೆ ಇಳಿಯುತ್ತದೆ. ಇಳಿದರೆ ಢಂ ಎನ್ನುತ್ತದೆ. ಇಳಿಯದಿದ್ದರೆ ಟಿಕ್, ಅಷ್ಟೇ.

ನನ್ನ ನೆನಪಿನಲ್ಲಿ ಉಳಿದಿರುವುದೆಲ್ಲ ಹೆಚ್ಚಾಗಿ ಆ ಟಿಕ್ ಶಬ್ದವೇ.

ಮಾವನ ಕೈ ನಡುಗತೊಡಗಿದ ಮೇಲೆ ಲೈಸೆನ್ಸನ್ನು ಬೇರೆಯವರ ಹೆಸರಿಗೆ ಮಾಡಿಸಬೇಕಾಯಿತು. ನನ್ನ ಗಂಡ ಸೋಂಪುರದ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಹಿಂದೊಮ್ಮೆ ಕಿಡಿ ಸಿಡಿದು ಅವರ ಬಲಗಣ್ಣು ಮಂಜಾಗಿದೆ. ಡಾಕ್ಟರು ಸರ್ಟಿಫಿಕೇಟ್ ಕೊಡಲಿಲ್ಲ. ಮನೆಯಲ್ಲಿ ಉಳಿದವಳು ನಾನು. ಕಚೇರಿಯಲ್ಲಿ ಅರ್ಜಿ ನೋಡಿದ ಗುಮಾಸ್ತರು ಕನ್ನಡಕ ಇಳಿಸಿ, "ಸೊಸೆ ಹೆಸ್ರಿಗಾ? ನೀವು ಹೊಡೀತೀರೇನಮ್ಮ?" ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಪಕ್ಕದಲ್ಲಿದ್ದ ಮಾವ, "ಹೊಡೆಯೋದು ಏನಿಲ್ಲ ಸಾರ್, ಸದ್ದು ಮಾಡೋದು. ಹಂದಿ ಓಡಿಸ್ಬೇಕಲ್ಲ" ಅಂದರು.

ಹಾಗೆ ನನಗೊಂದು ಬಂದೂಕು ಬಂತು. ಬೇಕೆಂದು ಕೇಳಿದವಳಲ್ಲ ನಾನು. ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತಿ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಹೋಗುವವಳು. ಅಲ್ಲಿ ಚೆಕಿಂಗ್ ಟೇಬಲ್ಲಿನಲ್ಲಿ ನಿಂತೇ ಇರಬೇಕು. ಸಂಜೆ ಆರಕ್ಕೆ ಇಳಿದು ಮನೆಗೆ ಬಂದರೆ ಕಾಲಿನ ಮೀನಖಂಡ ಕಲ್ಲಾಗಿರುತ್ತಿತ್ತು. ಮುಸುಕಿನ ಜೋಳ ಹಾಲು ಕಟ್ಟುವ ತಿಂಗಳಲ್ಲಿ ಹಂದಿಗಳು ಹೊಲಕ್ಕೆ ಇಳಿಯುವುದು ಸರಿಯಾಗಿ ಅದೇ ಹೊತ್ತಿಗೆ, ಹೊತ್ತು ಮುಳುಗುವ ಮುಂಚೆ. ಬ್ಯಾಗು ಇಟ್ಟು, ಒಂದು ಲೋಟ ಕಾಫಿ ಕುಡಿದು, ಬಂದೂಕು ಹೆಗಲಿಗೇರಿಸಿ ಬದುವಿನ ಮೇಲೆ ಹೋಗಿ ನಿಲ್ಲುತ್ತಿದ್ದೆ. ಊರ ಹೆಂಗಸರು ಮೊದಮೊದಲು ನೋಡಿ ನಕ್ಕರು. ಆಮೇಲೆ ಅವರಿಗೂ ಬೇಸರವಾಯಿತು.

ಬಂದೂಕು ಹಿಡಿಯುವುದನ್ನು ಕಲಿಸಿದವರು ಮಾವನೇ. ಅವರ ಪಾಠದಲ್ಲಿ ಮುಕ್ಕಾಲು ಭಾಗ ಕೇಪಿನದ್ದು. ಅವರ ಹತ್ತಿರ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಹಳೆಯ ಕೇಪು, ಇನ್ನೊಂದರಲ್ಲಿ ಬೆಂಗಳೂರಿನ ಅಂಗಡಿಯಿಂದ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿ ತಂದ ಹೊಸದು. ಹಳೆಯದರಲ್ಲಿ ಉಳಿದಿದ್ದದ್ದು ಕೆಲವೇ. ಹೊಸದರಲ್ಲಿ ಮೂರಕ್ಕೆ ಒಂದು ಹೊಡೆದರೆ ಹೆಚ್ಚು. ಮಾವ ಹೊಸ ಕೇಪುಗಳನ್ನು ಅಂಗೈಯಲ್ಲಿ ಹರಡಿಕೊಂಡು ಬಿಸಿಲಿಗೆ ಹಿಡಿಯುತ್ತಿದ್ದರು. ಒಳಗಿನ ಬಣ್ಣ ನೋಡಿ, "ಇದು ಹೊಡೀತದೆ, ಇದು ಹೊಡಿಯಲ್ಲ" ಎಂದು ಬೇರೆ ಮಾಡುತ್ತಿದ್ದರು. ಹೊಡೆಯುತ್ತದೆಂದು ಇಟ್ಟದ್ದು ಟಿಕ್ ಎನ್ನುತ್ತಿತ್ತು. ಬೇಡವೆಂದು ಬಿಸಾಡಿದ್ದನ್ನು ಎತ್ತಿ ಹಾಕಿದರೆ ಢಂ ಎನ್ನುತ್ತಿತ್ತು.

"ತೇವ ಕುಡಿದ್ಬಿಟ್ಟವೆ ಕಣಮ್ಮ" ಎನ್ನುತ್ತಿದ್ದರು ಒಮ್ಮೆ. ಇನ್ನೊಮ್ಮೆ, "ಕುದುರೆ ಸ್ಪ್ರಿಂಗು ಮೆತ್ತಗಾಗ್ಬಿಟ್ಟದೆ." ಮತ್ತೊಮ್ಮೆ, "ಕೇಪು ಸರಿಯಾಗಿ ಕೂರಿಸಿಲ್ಲ ನೀನು."

ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ತಪ್ಪು ಹುಡುಕುವುದು. ಹೊಲಿಗೆ ಬಿಟ್ಟಿದ್ದರೆ, ಕಾಲರ್ ಓರೆಯಾಗಿದ್ದರೆ, ಬಟ್ಟೆ ಬೆಳಕಿಗೆ ಹಿಡಿದ ಕೂಡಲೇ ಕಾಣುತ್ತದೆ. ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುತ್ತೇನೆ. ಕೇಪಿನಲ್ಲಿ ಹಾಗೆ ನೋಡಿ ಹೇಳುವಂತಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಗೊತ್ತಾಗಬೇಕಾದರೆ ಹೊಡೆದೇ ನೋಡಬೇಕು. ಹೊಡೆದು ನೋಡಿದ ಮೇಲೆ ಒಳ್ಳೆಯದಾಗಿದ್ದರೂ ಅದು ಮುಗಿದಿರುತ್ತದೆ. ಇದನ್ನು ಒಮ್ಮೆ ಮಾವನಿಗೆ ಹೇಳಿದೆ. ಅವರು, "ಅದಕ್ಕೇ ನಂಬ್ಕೊಂಡು ಎತ್ಬೇಕು" ಅಂದರು.

ಅವರು ತಪ್ಪದೆ ಹೇಳುತ್ತಿದ್ದ ಮಾತು ಇನ್ನೊಂದಿತ್ತು. "ಟಿಕ್ ಅಂದ್ರೆ ಮುಗೀತು ಅನ್ಕೋಬೇಡ. ಕೆಲವು ಕೇಪು ತಡವಾಗಿ ಕಿಡಿ ಬಿಡ್ತವೆ. ನಳಿಗೆ ಎತ್ತಿದ ಕಡೆಯಿಂದ ಅಲ್ಲಾಡಿಸ್ಬೇಡ. ನೂರು ಎಣಿಸು. ಆಮೇಲೆ ಕೇಪು ತೆಗಿ."

ನಾನು ಎಣಿಸುತ್ತಿದ್ದೆ. ಖಾಲಿ ಕೆರೆಯಂಗಳದ ಕಡೆಗೆ ನಳಿಗೆ ಎತ್ತಿಕೊಂಡು, ಜೋಳದೊಳಗೆ ಹಂದಿಗಳು ದಂಟು ಮುರಿಯುವ ಸದ್ದು ಕೇಳುತ್ತಾ, ಒಂದು, ಎರಡು, ಮೂರು ಎಂದು ನೂರರವರೆಗೆ. ಕೈ ಸೋತು ಬರುತ್ತಿತ್ತು. ಅಷ್ಟರಲ್ಲಿ ಅವು ಒಂದು ಸಾಲು ತಿಂದು ಮುಗಿಸುತ್ತಿದ್ದವು.

ಆ ವರ್ಷ ಜೋಳ ಚೆನ್ನಾಗಿ ಬಂದಿತ್ತು. ಹಂದಿಗಳೂ ಹೆಚ್ಚು. ಒಂದು ಗಂಡು ಹಂದಿ ನಮ್ಮ ಮನೆಯ ನಾಯಿಯ ಹೊಟ್ಟೆ ಸೀಳಿಹಾಕಿತು. ಮಾವ ಆ ನಾಯಿಗೆ ತಮ್ಮ ತಟ್ಟೆಯಿಂದಲೇ ಮುದ್ದೆ ಹಾಕುತ್ತಿದ್ದವರು. ಹಿತ್ತಲಲ್ಲಿ ಗುಂಡಿ ತೋಡಿ ಹೂಳಿ ಬಂದವರು ಎರಡು ದಿನ ಹೊಲದ ಮೋಟಾರು ಮನೆಯ ಮಂಚದ ಮೇಲೆಯೇ ಕೂತರು.

ಆಮೇಲೆ ಬಂದದ್ದು ಒಂದು ಭಾನುವಾರ. ಶಿಪ್‌ಮೆಂಟ್ ಇದೆಯೆಂದು ಶನಿವಾರ ಓವರ್‌ಟೈಮ್ ಮಾಡಿಸಿದ್ದರು. ಭಾನುವಾರ ಬಟ್ಟೆ ಒಗೆದು, ಹಿಟ್ಟಿನ ಗಿರಣಿಗೆ ಹೋಗಿ ಬಂದು, ಸಂಜೆ ಐದಕ್ಕೆ ಸ್ವಲ್ಪ ಮಲಗೋಣವೆಂದು ಚಾಪೆ ಹಾಸಿದ್ದೆ. ಮಾವ ಹೊಲದ ಮೋಟಾರು ಮನೆಯ ಹತ್ತಿರದಿಂದ ಕೂಗಿದರು. ಪಕ್ಕದ ಸಾಲಿಗೇ ಹಂದಿ ಬಂದಿವೆ ಎಂದು. ಬೆಳಿಗ್ಗೆಯೇ ಬಂದೂಕು ತುಂಬಿ ತಂದು ಪಕ್ಕದಲ್ಲಿಟ್ಟುಕೊಂಡು ಅವರು ಅಲ್ಲಿ ಮಂಚದ ಮೇಲೆ ಕೂತಿದ್ದರು.

ನಾನು ಹೋಗಿ ಬಂದೂಕನ್ನೂ ಹೊಸ ಕೇಪಿನ ಡಬ್ಬಿಯನ್ನೂ ತೆಗೆದುಕೊಂಡೆ. ಅತ್ತೆ ಕೆಳಗಿನ ಬದುವಿನಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದರು. ನನ್ನ ಎಡಕ್ಕೆ, ಸುಮಾರು ಹದಿನೈದು ಮಾರು ದೂರ. ಅವರ ಹಸಿರು ಸೀರೆ ನನಗೆ ಕಾಣುತ್ತಿತ್ತು. ನಾನು ಬಲಕ್ಕೆ ತಿರುಗಿ, ಕೆರೆಯಂಗಳದ ಮೇಲಿನ ಆಕಾಶಕ್ಕೆ ನಳಿಗೆ ಎತ್ತಿ ಕುದುರೆ ಬಿಟ್ಟೆ. ಟಿಕ್. ನೂರು ಎಣಿಸಿದೆ. ಕೇಪು ಬದಲಾಯಿಸಿದೆ. ಮತ್ತೆ ಟಿಕ್. ಮತ್ತೆ ನೂರು. ಹೆಗಲು ಉರಿಯುತ್ತಿತ್ತು. ಕಣ್ಣು ಮುಚ್ಚಿದರೆ ನಿಂತಲ್ಲೇ ನಿದ್ದೆ ಬರುವ ಹಾಗಿತ್ತು. ಮೂರನೆಯ ಕೇಪು ಹಾಕಿ ಬಿಟ್ಟೆ. ಅದೂ ಟಿಕ್ ಎಂದಿತು.

ಎಣಿಸತೊಡಗಿದೆ. ಒಂದು, ಎರಡು, ಮೂರು. ಅಷ್ಟರಲ್ಲಿ ಎಡಗಡೆ ಜೋಳ ಅಲ್ಲಾಡಿತು. ಮರಿಗಳ ಜೊತೆಗೆ ಒಂದು ಹೆಣ್ಣು ಹಂದಿ ಸಾಲಿನಿಂದ ಹೊರಗೆ ಬಂತು, ಅತ್ತೆಯ ಬೆನ್ನ ಹಿಂದೆಯೇ. ಅತ್ತೆ ತಿರುಗಿ ನೋಡಿ, "ಅಯ್ಯಯ್ಯೋ!" ಎಂದು ಕೂಗಿದರು. ನಾನು ಅವರ ಕಡೆ ತಿರುಗಿದೆ. ನಾನು ತಿರುಗಿದಾಗ ನನ್ನ ಕೈಯಲ್ಲಿದ್ದ ನಳಿಗೆಯೂ ತಿರುಗಿ ಕೆಳಗಿಳಿಯಿತು. ಅದು ನನ್ನ ಗಮನಕ್ಕೇ ಬರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಕೆಟ್ಟ ಕೇಪು, ಮುಗಿದುಹೋದ ಕೇಪು.

ಐದು ಎಣಿಸಿರಬಹುದು. ಬಂದೂಕು ಹೊಡೆಯಿತು.

ಹೊಗೆ ಸರಿದಾಗ ಅತ್ತೆ ನೆಲದ ಮೇಲೆ ಕೂತಿದ್ದರು. ಅವರ ಮುಂದೆ ಎರಡು ಹೆಜ್ಜೆಯಲ್ಲಿ ಬದುವಿನ ಮಣ್ಣು ಕಿತ್ತು ಹೋಗಿತ್ತು. ನಾನು ಬಂದೂಕು ಬಿಸಾಡಿ ಓಡಿದೆ. ಅವರ ಮೊಣಕಾಲಿನವರೆಗೆ ಮಣ್ಣು ಸಿಡಿದಿತ್ತು. ಸೀರೆ ಎತ್ತಿ ಕಾಲೆಲ್ಲ ಸವರಿ ನೋಡಿದೆ, ಎಲ್ಲಿಯೂ ರಕ್ತವಿರಲಿಲ್ಲ. ಸದ್ದಿಗೆಂದು ತುಂಬಿದ ಬರೀ ಮದ್ದು ಮಣ್ಣನ್ನು ಹಾಗೆ ಕಿತ್ತು ಹಾಕುವುದಿಲ್ಲ. ಕೆದಕಿದೆ. ಸೀಸದ ಚರೆಗಳು, ಕಾಳಿನಂಥ ಗುಂಡುಗಳು, ಬೆರಳಿಗೆ ಸಿಕ್ಕವು, ಬಿಸಿಯಾಗಿ. ಮಾವ ಚರೆ ತುಂಬಿದ್ದರು, ನಾಯಿ ಸತ್ತ ಸಿಟ್ಟಿಗೆ. ನನಗೆ ಹೇಳಿರಲಿಲ್ಲ.

"ಅತ್ತೆ, ನಾನು... ನನ್ ಕೈ..." ಎಂದೆ.

"ಏನಾಗಿಲ್ಲ ಬಿಡು. ಕಿವಿ ಗುಯ್ ಅಂತದೆ" ಎಂದು ಅತ್ತೆ ಕುಡುಗೋಲು ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು.

ಹಂದಿಗಳು ಓಡಿಹೋಗಿದ್ದವು. ಮೋಟಾರು ಮನೆಯಿಂದ ಮಾವನ ದನಿ ಕೇಳಿತು. ಅವರಿಗೆ ಕಿವಿ ಮಂದ, ದೂರದ್ದು ಕಾಣುವುದಿಲ್ಲ. "ಹೊಡೀತಾ ಕೇಪು?" ಎಂದು ಖುಷಿಯಿಂದ ಕೇಳುತ್ತಿದ್ದರು. "ನಾನು ಹೇಳ್ಲಿಲ್ವಾ, ಆ ಡಬ್ಬೀಲಿ ಇರೋವು ಒಳ್ಳೇವು ಅಂತ!"

ನನಗೆ ಅಳು ಬಂದದ್ದು ಆಗ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಮಾವ ನಂಬಲಿಲ್ಲ. ಅತ್ತೆಯ ಸೀರೆಯ ಮಣ್ಣು ನೋಡಿ ನಂಬಿದರು. ಊಟಕ್ಕೆ ಕರೆದರೆ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ, "ಚರೆ ಹಾಕಿದ್ದು ನಾನು. ಅವಳನ್ನ ಏನೂ ಅನ್ಬೇಡ" ಎಂದು ಅತ್ತೆಗೆ ಹೇಳಿದರು. ನನ್ನನ್ನು ಯಾರೂ ಏನೂ ಅಂದಿರಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು ಎನ್ನಿಸುತ್ತದೆ ಒಂದೊಂದು ಸಲ. ಚರೆ ಹಾಕಿದ್ದು ಅವರು, ಸರಿ. ನಳಿಗೆ ತಿರುಗಿಸಿದವಳು ನಾನು. ಕೇಪೊಂದನ್ನೇ ದೂರಿ ಕೂರಲು ನನಗೆ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಯಾರಿಗೂ ಹೇಳದೆ ಎರಡೂ ಡಬ್ಬಿಗಳ ಕೇಪುಗಳನ್ನು ಅಂಗಳ ಸಾರಿಸಲು ಕಲಸಿಟ್ಟ ಸಗಣಿ ನೀರಿನ ಬಕೆಟ್ಟಿಗೆ ಸುರಿದುಬಿಟ್ಟರು. ನಾನು ವ್ಯಾನಿಗೆ ಹೋಗುವ ಗಡಿಬಿಡಿಯಲ್ಲಿದ್ದೆ. ಸಂಜೆ ಬಂದು ನೋಡಿದರೆ ಮಾವ ಜಗಲಿಯ ಮೇಲೆ ಕೂತಿದ್ದರು. ಎದುರಿಗೆ ಒಂದು ಸ್ಟೀಲ್ ತಟ್ಟೆ. ಬಕೆಟ್ಟಿನಿಂದ ಒಂದೊಂದಾಗಿ ಹೆಕ್ಕಿ, ತೊಳೆದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ ಕೇಪುಗಳನ್ನು ಸಾಲಾಗಿ ಜೋಡಿಸಿದ್ದರು. ನಡುಗುವ ಕೈಯಲ್ಲಿ ಅಷ್ಟು ಮಾಡಲು ಇಡೀ ದಿನ ಹಿಡಿದಿರಬೇಕು.

"ಇನ್ನು ಹೊಡಿಯಲ್ಲ ಅಲ್ವಾ ಮಾವ?" ಎಂದೆ.

"ಒಂದೆರಡು ಹೊಡೆದ್ರೂ ಹೊಡೆದಾವು" ಅಂದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿ, "ತಗೊಂಡೋಗಿ ಸ್ಟೇಷನ್‌ಗೆ ಕೊಟ್ಬಿಡು. ಬಂದೂಕೂ ಕೊಟ್ಬಿಡು. ನನ್ ಕೈಲಿ ಇನ್ನು ನೋಡಕ್ಕಾಗಲ್ಲ" ಅಂದರು.

ಗಂಡನಿಗೆ ಮನಸ್ಸಿರಲಿಲ್ಲ. "ಅಪ್ಪ ಇರೋವರ್ಗಾದ್ರೂ ಇರ್ಲಿ ಕಣೆ, ಅವ್ರಿಗೆ ಅದೊಂದೇ ಇರೋದು" ಎಂದರು. ನಾನು ಜಗಳವಾಡಲಿಲ್ಲ, ಅದಕ್ಕೂ ಶಕ್ತಿಯಿರಲಿಲ್ಲ. ಅರ್ಜಿ ಬರೆಸಿ ತಂದು ಅವರ ಮುಂದಿಟ್ಟೆ. ಓದಿ ಮಡಿಸಿ ನನ್ನ ಬ್ಯಾಗಿಗೆ ಹಾಕಿದರು.

ಬಂದೂಕು ತೆಗೆದುಕೊಳ್ಳುವುದಕ್ಕಿಂತ ವಾಪಸ್ ಕೊಡುವುದು ಕಷ್ಟ. ಮೊದಲ ದಿನ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಎರಡನೆಯ ದಿನ ಒಂದು ಜೆರಾಕ್ಸ್ ಕಡಿಮೆಯಿತ್ತು. ಮೂರನೆಯ ಸಲ ಗೋಣಿತಾಟಿನಲ್ಲಿ ಸುತ್ತಿದ ಬಂದೂಕನ್ನು ಗಂಡನ ಬೈಕಿನ ಹಿಂದೆ ಮಡಿಲಿನಲ್ಲಿಟ್ಟುಕೊಂಡು ಹೋದೆ. ಅರ್ಧ ದಿನ ರಜೆಗೆ ಸೂಪರ್‌ವೈಸರ್ ಗೊಣಗಿದ್ದ. ಬೆಂಚಿನ ಮೇಲೆ ಕಾದು ಕಾದು ನಾನು ಬಂದೂಕಿಗೇ ಒರಗಿ ತೂಕಡಿಸಿದೆನಂತೆ.

ಪೇದೆಯೊಬ್ಬರು ನಮೂನೆ ತುಂಬುತ್ತಾ, "ಆಯುಧ ವರ್ಕಿಂಗ್ ಕಂಡೀಷನ್ ಇದ್ಯಾ?" ಎಂದು ಕೇಳಿದರು.

"ಒಂದೊಂದ್ಸಲ ಸಾರ್" ಅಂದೆ.

ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ನಗಲಿಲ್ಲ. 'ಇದೆ' ಎಂದು ಬರೆದುಕೊಂಡರು. ತೊಳೆದ ಕೇಪುಗಳ ಪೊಟ್ಟಣವನ್ನೂ ಕೊಟ್ಟು ರಸೀದಿ ಪಡೆದೆ.

ಅತ್ತೆ ಆ ಸಂಜೆಯ ವಿಷಯವನ್ನು ಆಮೇಲೆ ಒಮ್ಮೆ ಮಾತ್ರ ಎತ್ತಿದರು. ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. "ಆವತ್ತು ನಿನ್ ಮುಖ ನೋಡ್ದೆ ಕಣೆ, ಗುಂಡಿನ್ ಸದ್ದಿಗೆ ಮುಂಚೆ. ಎಷ್ಟು ಸುಸ್ತಾಗಿತ್ತು ಮುಖ. ಹಂದಿ ನೋಡಿ ಕೂಗ್ದೋಳು ನಾನು, ಕೂಗ್ಬಾರ್ದಿತ್ತು" ಅಂದರು. ಅವರು ತಮ್ಮ ಮೇಲೆ ತಪ್ಪು ಹೊರಿಸಿಕೊಂಡದ್ದು ನನಗೆ ಸಹಿಸಲಾಗಲಿಲ್ಲ. ಹಾಗನ್ನಬೇಡಿ ಎಂದೆ. ಅವರು ಸಿಪ್ಪೆ ಕೊಡವಿಕೊಂಡು ಹಸುವಿಗೆ ಹಾಕಲು ಎದ್ದರು.

ಕೆಳಗಿನ ಹೊಲಕ್ಕೆ ಈಗ ಜೋಳ ಹಾಕುವುದಿಲ್ಲ, ರಾಗಿ ಹಾಕುತ್ತೇವೆ. ಹಂದಿಗಳು ರಾಗಿಗೂ ಬರುತ್ತವೆ. ತಿನ್ನುವುದಕ್ಕಿಂತ ತುಳಿಯುವುದು ಹೆಚ್ಚು. ಅತ್ತೆ ಸಂಜೆ ಎಣ್ಣೆ ಡಬ್ಬ ಬಡಿಯುತ್ತಾ ಬದುವಿನ ಮೇಲೆ ಒಂದು ಸುತ್ತು ಬರುತ್ತಾರೆ. ನಾನು ವ್ಯಾನಿನಿಂದ ಇಳಿದು ರಸ್ತೆಯ ತಿರುವು ದಾಟುವಾಗ ಆ ಸದ್ದು ಕೇಳಿಸುತ್ತದೆ. ಮಾವ ಜಗಲಿಯ ಮೇಲೆ ಕೂತಿರುತ್ತಾರೆ. ಈ ಸಲ ಕಾಲು ಭಾಗ ಬೆಳೆ ಹೋಯಿತು. ಉಳಿದದ್ದನ್ನು ಎರಡು ಭಾನುವಾರ ಕೊಯ್ದು ಮೆದೆ ಹಾಕಿದೆವು.