ಹತ್ತನೆಯ ಕೈ

ಆಚಾರ್ರ ಎರಡೂ ಮುಂಗೈಗಳ ಮೇಲೆ ಕಿಡಿ ಸಿಡಿದ ಕಪ್ಪು ಚುಕ್ಕೆಗಳು ರಾಗಿ ಚೆಲ್ಲಿದ ಹಾಗೆ ಇದ್ದವು. ಪಂಚಾಯಿತಿ ಅಧ್ಯಕ್ಷರಾದ ಮೇಲೂ ಬೆಳಗಿನ ಹೊತ್ತು ಕುಲುಮೆಯಲ್ಲಿ ಕುಡುಗೋಲು, ಮಚ್ಚು ತಟ್ಟಿ, ಹತ್ತೂವರೆಗೆ ಕೈ ತೊಳೆದು ಆಫೀಸಿಗೆ ಬರುತ್ತಿದ್ದರು. ಬಿಂಡಿಗನವಿಲೆ ಕಡೆಯ ನಮ್ಮೂರಲ್ಲಿ ಆಚಾರ್ರ ಮನೆ ಇದ್ದದ್ದೇ ಎರಡು. ಊರಿನ ದೊಡ್ಡ ಮನೆತನಗಳೆರಡೂ ಒಬ್ಬರನ್ನೊಬ್ಬರು ಒಪ್ಪದೆ ಜಗಳಾಡಿದ್ದರಿಂದ ಕುರ್ಚಿ ಅವರ ಪಾಲಿಗೆ ಬಂತು. "ಇವ್ನಾದ್ರೆ ಯೋಳ್ದಂಗೆ ಕೇಳ್ತಾನೆ ಬುಡು" ಎಂದು ನಮ್ಮ ಯಜಮಾನರ ಅಣ್ಣ, ಅಂದರೆ ಭಾವ, ಅಂದದ್ದು ನನಗೆ ಅಡುಗೆಮನೆಯಲ್ಲಿ ಕೇಳಿಸಿತ್ತು. ಹೆಂಗಸರ ಮೀಸಲು ಸೀಟಿಗೆ ನನ್ನನ್ನು ನಿಲ್ಲಿಸಿ ಮೆಂಬರು ಮಾಡಿದ್ದೂ ಅದೇ ಭಾವ.

ಮೊದಲ ಸಭೆಗೆ ನನ್ನ ಜೊತೆ ಬಂದ ನಮ್ಮ ಯಜಮಾನರು ನನ್ನ ಕುರ್ಚಿಯಲ್ಲಿ ತಾವೇ ಕೂತರು. ಅಧ್ಯಕ್ಷರು ನಯವಾಗಿ, "ಮುಂದ್ಲ ಸಲ ನೀವು ಎಲೆಕ್ಸನ್‌ಗೆ ನಿಂತ್ಕಳಿ ಗೌಡ್ರೆ. ಈವತ್ತು ಅಮ್ಮೋರ್ನ ಕೂರ್ಸಿ" ಎಂದು ಅವರನ್ನು ಆಚೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಬೀದಿ ನಲ್ಲಿ ಇಸ್ಯ ನೀವೇ ಎದ್ದು ಯೋಳಿ ಕಣವ್ವ. ತಪ್ಪಾದ್ರೆ ತಪ್ಪಾಗ್ಲಿ" ಎಂದರು. ಎದ್ದು ಶುರು ಮಾಡಿದೆ. ನಡುವೆ ಮಾತು ಸಿಕ್ಕಿಕೊಂಡಾಗ ಅವರು ಬಾಯಿ ಹಾಕಲಿಲ್ಲ; ಇನ್ನೊಬ್ಬರಿಗೂ ಬಾಯಿ ಹಾಕಲು ಬಿಡಲಿಲ್ಲ. ನಾನು ಮುಗಿಸುವ ತನಕ ಕಾದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನ್ನ ಮಾತಿಗೆ ಯಾರೂ ಹಾಗೆ ಕಾದಿರಲಿಲ್ಲ.

ಊರಿನ ಕುರಿಗಳೆಲ್ಲ ಮೇಯುವ ಗೋಮಾಳದ ಪಕ್ಕ ಭಾವ ಕಲ್ಲಿನ ಕ್ರಷರು ಹಾಕಲು ಹೊರಟರು. ಅದಕ್ಕೆ ಪಂಚಾಯಿತಿಯ ಒಪ್ಪಿಗೆ ಬೇಕಿತ್ತು. ಅಧ್ಯಕ್ಷರು ಕಾಗದ ಓದಿ ಹಿಂದಕ್ಕೆ ಕೊಟ್ಟರು. "ಕುರಿಗೆ ಬಾಯಿಲ್ಲ ಅಂತ ಮೇವು ಕಿತ್ಕಳಕ್ಕಾದದಾ ಗೌಡ್ರೆ?"

ಅಲ್ಲಿಂದ ಶುರುವಾಯಿತು ಅವಿಶ್ವಾಸ. ನಾವಿದ್ದದ್ದು ಹದಿನೈದು ಮೆಂಬರು. ಅಧ್ಯಕ್ಷರನ್ನು ಇಳಿಸಲು ಹತ್ತು ಕೈ ಏಳಬೇಕು. ನನ್ನನ್ನೂ ಸೇರಿಸಿ ಹತ್ತು ಜನರನ್ನು ಭಾವ ಎರಡು ದಿನ ಕೆ.ಆರ್.ಎಸ್. ಹತ್ತಿರದ ಲಾಡ್ಜಿನಲ್ಲಿಟ್ಟು, ದೇವರ ಫೋಟೊ ಮುಟ್ಟಿಸಿ ಆಣೆ ಮಾಡಿಸಿ, ವ್ಯಾನಿನಲ್ಲಿ ನೇರ ಸಭೆಗೆ ತಂದಿಳಿಸಿದರು. ಪಾಂಡವಪುರದಿಂದ ಉಪವಿಭಾಗಾಧಿಕಾರಿ ಬಂದಿದ್ದರು. ಒಂಬತ್ತು ಕೈ ಎದ್ದವು. ನನ್ನದು ಏಳಲಿಲ್ಲ. ಧೈರ್ಯದಿಂದಲ್ಲ, ಅಧ್ಯಕ್ಷರ ಮುಖ ಕಂಡು ಕೈ ಸ್ವಾಧೀನ ತಪ್ಪಿತು.

ಅವತ್ತೇ ಮನೆಯವರು ನನ್ನನ್ನೂ ಮಗಳನ್ನೂ ಕೆ.ಆರ್. ಪೇಟೆಯ ತವರಿಗೆ ಅಟ್ಟಿದರು. ನಾಲ್ಕು ತಿಂಗಳು ಮಗಳಿಗೆ ಸ್ಕೂಲು ತಪ್ಪಿತು. ಅಧ್ಯಕ್ಷರು ಬಸ್ಸು ಹತ್ತಿ ಬಂದು ನಮ್ಮಪ್ಪನ ಜಗಲಿಯಲ್ಲಿ ತಲೆ ತಗ್ಗಿಸಿ ಕೂತರು. "ನನ್ನಿಂದ ಇಂಗಾಯ್ತು" ಅಂದರು. ಕೊನೆಗೆ ಮನೆಯವರು ನನ್ನನ್ನು ವಾಪಸು ಕರೆಸಿಕೊಂಡರು. ಕರಾರು ಒಂದೇ: ಮುಂದಿನ ಸಲ ಕೈ ಏಳಲೇಬೇಕು. ಅದು ಊರಿಗೆಲ್ಲ ಗೊತ್ತಿತ್ತು, ಅಧ್ಯಕ್ಷರಿಗೂ.

ಎರಡನೆಯ ಅವಿಶ್ವಾಸ ಬಂದಾಗ ಮಗಳು ಐದನೇ ಕ್ಲಾಸು. ಅದೇ ಕೋಣೆ. ಒಂಬತ್ತು ಕೈ ಎದ್ದವು. ಎಲ್ಲರೂ ನನ್ನತ್ತ ತಿರುಗಿದರು. ಕಿಟಕಿಯಾಚೆ ಭಾವ ನಿಂತಿದ್ದರು. ಮೇಜಿನಂಚಿನ ತನಕ ಬಂದ ನನ್ನ ಕೈ ಅಲ್ಲಿಂದ ಮೇಲಕ್ಕೂ ಹೋಗದು, ಕೆಳಕ್ಕೂ ಇಳಿಯದು.

ಆಗ ಅಧ್ಯಕ್ಷರು ಕೈ ಎತ್ತಿದರು.

ಅಧಿಕಾರಿಯ ಪೆನ್ನು ನಿಂತಿತು. "ಏನ್ರೀ ಇದು? ನಿರ್ಣಯ ನಿಮ್ಮ ಮೇಲೇ ಇರೋದು."

"ಗೊತ್ತು ಸಾರ್. ನಾನೂ ಒಬ್ಬ ಮೆಂಬರೇ ಅಲ್ವ? ಹತ್ತಾಯ್ತು, ಬರ್ಕಳಿ."

ಒಂಬತ್ತು ಜನ ಎತ್ತಿದ ಕೈ ಇಳಿಸುವುದನ್ನೂ ಮರೆತು ಕೂತಿದ್ದರು. ಆಚೆ ಹಾರ, ಪಟಾಕಿ ತಂದವರಿಗೆ ಗೆದ್ದೆವೋ ಸೋತೆವೋ ತಿಳಿಯಲು ಹೊತ್ತು ಹಿಡಿಯಿತು. ತಿಳಿದ ಮೇಲಿನ ಗದ್ದಲದಲ್ಲಿ ನನ್ನ ಕೈ ಎದ್ದಿತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಮಾರನೆಯ ದಿನ ಕುಲುಮೆಗೇ ಹೋಗಿ ಕೇಳಿದೆ, "ಯಾಕಿಂಗೆ ಮಾಡುದ್ರಿ?"

ತಿದಿ ಒತ್ತುವುದನ್ನು ನಿಲ್ಲಿಸದೆ ಅವರು ಹೇಳಿದರು: "ಕುರ್ಚಿ ಬತ್ತದೆ, ಓಯ್ತದೆ. ನೀವು ಅದೇ ಮನೇಲಿ ಬಾಳ್ಬೇಕು. ಇನ್ನೊಬ್ರ ಕುರ್ಚಿಗೋಸ್ಕರ ಮಗಿನ ಸ್ಕೂಲು ಬುಡಿಸ್ಬ್ಯಾಡಿ. ಗೋಮಾಳದ ಮಾತು ಬ್ಯಾರೆ. ಅದು ಬಂದಾಗ ಸುಮ್ಕಿರ್ಬ್ಯಾಡಿ."

ತಿಂಗಳು ತುಂಬಿರಲಿಲ್ಲ. ನಾಗಮಂಗಲದ ಸಂತೆ ಮುಗಿಸಿ ಬಸ್ಸಿಳಿದಾಗ ಹೂ ಮಾರುವವಳು, "ಆಚಾರ್ರು ಓಗ್ಬುಟ್ರಂತೆ ಕಣಕ್ಕ" ಅಂದಳು. ಎಲ್ಲಿಗೆ ಎಂದು ಕೇಳಿದೆ, ಪೆದ್ದಿಯ ಹಾಗೆ. ಕುಲುಮೆಯ ಮುಂದೆ ಕೂತಿದ್ದಂತೆ ಎದೆ ಹಿಡಿದುಕೊಂಡರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಚೀಲ ಕೈಯಿಂದ ಜಾರಿದ್ದೂ ತಿಳಿಯದೆ ರಸ್ತೆ ಬದಿಯಲ್ಲೇ ಕೂತುಬಿಟ್ಟೆ. ಬೆಳಗ್ಗೆ ಹೋಗುವಾಗ ಸುತ್ತಿಗೆಯ ಸದ್ದು ಕೇಳಿಕೊಂಡೇ ಬಸ್ಸು ಹತ್ತಿದ್ದೆ.

ಮುಂದಿನ ಸಭೆಗೇ ಕ್ರಷರಿನ ಅರ್ಜಿ ಬಂತು. ಹೊಸ ಅಧ್ಯಕ್ಷರು, "ಎಲ್ರೂ ಒಪ್ಪವ್ರೆ ಅಂತ ಬರ್ಕಳಿ" ಎಂದರು.

ನಾನು ಎದ್ದೆ. "ನಾನು ಒಪ್ಪಿಲ್ಲ. ಅದ್ನೂ ಬರ್ಕಳಿ."

ಆಚಾರ್ರ ಕಡೆಗಿದ್ದ ನಾಲ್ವರು ಎದ್ದರು. ಒಂದು ಗಳಿಗೆ ಬಿಟ್ಟು, ಆಚಾರ್ರನ್ನು ಇಳಿಸಲು ಕೈ ಎತ್ತಿದ್ದವರಲ್ಲೇ ಮೂವರು, ಯಾರ ಮುಖವನ್ನೂ ನೋಡದೆ ಎದ್ದು ನಿಂತರು. ಉಳಿದ ಹದಿನಾಲ್ಕು ಜನರಲ್ಲಿ ನಾವು ಎಂಟಾದೆವು. ಅರ್ಜಿ ಬಿದ್ದುಹೋಯಿತು.

ಭಾವ ಈಗ ನನ್ನೊಡನೆ ಮಾತಾಡುವುದಿಲ್ಲ. ಮಗಳು ಸ್ಕೂಲಿಗೆ ಹೋಗುತ್ತಿದ್ದಾಳೆ. ಈ ಸಲ ನನಗೆ ತವರಿಗೆ ಹೋಗು ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೂ ನಾನು ಹೋಗುತ್ತಿರಲಿಲ್ಲ.