ವಾರವೆಲ್ಲ ಉಪವಾಸ ಇರುವ ಕಳ್ಳಿ

ಶಹಾಪುರದ ನಮ್ಮ ಓಣಿಯಲ್ಲಿ ಕಳ್ಳಿ ಗಿಡಗಳ ಬಗ್ಗೆ ನನ್ನಷ್ಟು ತಿಳಿದವರು ಯಾರೂ ಇಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದಿದೆ, ಯಾಕೆಂದರೆ ಉಳಿದವರು ಹೇಳುತ್ತಿಲ್ಲ.

ನಮ್ಮ ಮಾಳಿಗೆಯ ಮೇಲೆ ಕಿವಿ ಮುರಿದ ಚಹಾದ ಕಪ್ಪು, ಬಣ್ಣದ ಡಬ್ಬಿ, ತಳ ತೂತಾದ ಕುಕ್ಕರ್ ಎಲ್ಲದರಲ್ಲೂ ಗಿಡಗಳಿವೆ. ಬೇಸಿಗೆಯಲ್ಲಿ ಅಲ್ಲಿ ಚಪ್ಪಲಿ ಬಿಟ್ಟು ಬಂದರೆ ಸಂಜೆಗೆ ಅದು ತಮ್ಮನ ಅಳತೆಗೆ ಬಂದಿರುತ್ತದೆ. ಅಂಥ ಬಿಸಿಲಿನಲ್ಲೂ ನನ್ನ ಗಿಡಗಳು ಸುಮ್ಮನೆ ಕುಳಿತಿರುತ್ತವೆ. ನನ್ನ ಗಣಿತದ ಅಂಕ ಗೊತ್ತಾದ ದಿನವೂ ಹಾಗೇ ಕುಳಿತಿದ್ದವು. ಮನೆಯಲ್ಲಿ ಆ ದಿನ ಬೇರೆ ಯಾರೂ ಸುಮ್ಮನೆ ಕುಳಿತಿರಲಿಲ್ಲ. ದಪ್ಪ ಎಲೆಯ ಗಿಡಗಳದು ಇನ್ನೊಂದು ಜಾತಿ. ಅವ್ವ ಕಸ ಗುಡಿಸುವಾಗ ಉದುರಿದ ಒಂದು ಎಲೆ ಮೆಟ್ಟಿಲ ಮೂಲೆಯ ಧೂಳಿನಲ್ಲೇ ಬೇರು ಬಿಟ್ಟು ಸಂಸಾರ ಹೂಡಿತು. ಆ ಮೂಲೆ ಸರಿಯಾಗಿ ಗುಡಿಸಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಅದು ಇನ್ನೂ ಬೆಳೆಯುತ್ತಿದೆ.

ಎಲ್ಲಕ್ಕಿಂತ ದೊಡ್ಡದು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುವ ಪಕ್ಕದ ಮನೆಯಾಕೆ ಕೊಟ್ಟ ಕಂಬಗಳ್ಳಿ. ಮೊಳದುದ್ದ, ನುಣ್ಣಗೆ, ತುದಿ ಗುಂಡಗೆ, ಮುಳ್ಳು ಹೆಸರಿಗಷ್ಟೇ. ಕೊಡುವಾಗ ಖಾಲಾ ಒಂದೇ ಮಾತು ಹೇಳಿದ್ದರು: "ಬೇಟಿ, ಇದಕ್ಕ ನೀರು ಅಂದ್ರ ವಿಷ. ಮರತ್ರ ಬದುಕ್ತದ, ಜೀವ ಮಾಡಿದ್ರ ಸಾಯ್ತದ." ಕುಂಡ ಭಾರವಾಗಿದ್ದರಿಂದ ಅದು ಮಾಳಿಗೆ ಏರಲಿಲ್ಲ, ಅಂಗಳದಲ್ಲೇ ಉಳಿಯಿತು.

ಅಂಗಳ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ರಾಜ್ಯ. ಮೊಣಕಾಲು ಹಿಡಿದುಕೊಂಡ ಮೇಲೆ ಆಯಿ ಗುಡಿಗೆ ಹೋಗುವುದು ನಿಂತಿತ್ತು. ಬೆಳಗ್ಗೆ ಎದ್ದು ಮಡಿಯುಟ್ಟು, ಹೋಗಲು ಜಾಗವಿಲ್ಲದೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಒಂದು ದಿನ ನಾನು ಹಲ್ಲುಜ್ಜುತ್ತ ಹೊರಗೆ ಬಂದರೆ ನನ್ನ ಕಳ್ಳಿಯ ಮೇಲೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೊಂದು ಕಣಗಿಲೆ ಹೂವು, ಬುಡದಲ್ಲಿ ಒಂದು ಕೆರೆ.

"ಆಯಿ, ಏನ್ ಮಾಡಾಕತ್ತಿ?"

"ಕಣ್ಣಿಲ್ಲೇನ ನಿನಗ? ಸಾಕ್ಷಾತ್ ಲಿಂಗದಂಗ ನಿಂತದ. ಇಷ್ಟ ದಿನ ಒಣಾ ಒಣಾ ಇಟ್ಟೀಯಲ್ಲ, ಪಾಪ ಬರ್ತದ."

ದಿನಾ ಒಂದು ತಂಬಿಗೆ. ಆಯಿಯ ಮುಖ ಅಷ್ಟು ಗೆಲುವಾಗಿ ಕಂಡು ಬಹಳ ದಿನವಾಗಿತ್ತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗಂತ ಗಿಡ ಸಾಯಲು ಬಿಟ್ಟರೆ ಆಯಿಯ ಗುಡಿ ಎರಡನೇ ಸಲ ಮುಚ್ಚುತ್ತಿತ್ತು. ನಾನು ಬುದ್ಧಿ ಉಪಯೋಗಿಸಿದೆ. ಓಣಿಗೆಲ್ಲ ಸಾಲುವಷ್ಟಿದೆ.

"ಆಯಿ, ಇದು ಉಪವಾಸ ಮಾಡೋ ಗಿಡ. ಸೋಮವಾರ ಬಿಟ್ರ ನೀರು ಮುಟ್ಟಂಗಿಲ್ಲ."

ಆಯಿ ತಂಬಿಗೆ ಕೆಳಗಿಟ್ಟಳು. "ನಾವು ವಾರಕ್ಕೊಂದಿನ ಉಪವಾಸ ಇದ್ದು ಊರಿಗೆಲ್ಲ ಹೇಳ್ಕೊಂಡ ಅಡ್ಡಾಡ್ತೀವಿ. ಇದು ಒಂದಿನ ಉಂಡು ಸುಮ್ಮ ನಿಂತದ ನೋಡು."

ಗಿಡ ಸುಮ್ಮನೆ ನಿಂತಿತು. ಆಯಿ ಸುಮ್ಮನಿರಲಿಲ್ಲ. ಮುಂದಿನ ಸೋಮವಾರ ಓಣಿಯ ಹೆಂಗಸರೆಲ್ಲ ತಂಬಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ವಾರವೆಲ್ಲ ಉಪವಾಸವಿದ್ದ ಗಿಡಕ್ಕೆ ನೀರು ಹಾಕುವ ಪುಣ್ಯ ಬಿಡುವಷ್ಟು ದಡ್ಡರು ನಮ್ಮಲ್ಲಿಲ್ಲ. ದಿನಾ ಒಂದು ತಂಬಿಗೆ ಬೀಳುತ್ತಿದ್ದಾಗ ಗಿಡ ಹೇಗೋ ತಡೆದುಕೊಂಡಿತ್ತು. ಈಗ ಅದು ವಾರಕ್ಕೊಮ್ಮೆ ಮುಳುಗತೊಡಗಿತು.

ಒಂದು ಮುಂಜಾನೆ ಅದು ಗೋಡೆಯ ಕಡೆ ವಾಲಿತ್ತು. ಆಯಿ, "ಬಾಗಿ ನಮಸ್ಕಾರ ಮಾಡಾಕತ್ತದ" ಎಂದಳು. ನಾನು ಓಡಿಹೋಗಿ ಖಾಲಾರನ್ನು ಕರೆತಂದೆ. ಅವರು ಬುಡ ಒತ್ತಿದರು. ಮಾಗಿದ ಬಾಳೆಹಣ್ಣಿನ ಹಾಗೆ ಬೆರಳು ಒಳಗಿಳಿಯಿತು.

"ಕೊಳತದ. ಮ್ಯಾಲಿಂದು ಇನ್ನಾ ಗಟ್ಟಿ ಅದ. ಕೊಯ್ದು ಬ್ಯಾರೆ ಹಚ್ಚಬೇಕು. ಇಲ್ಲಂದ್ರ ಪೂರಾ ಖತಂ."

"ಕೊಯ್ಯೋದು?" ಆಯಿ ಕುಂಡಕ್ಕೆ ಅಡ್ಡ ನಿಂತಳು. "ವಿಭೂತಿ ಹಚ್ಚಿದ್ದಕ್ಕ ಚಾಕು ಹಚ್ಚತೀರೇನು?"

"ಮತ್ತೇನ್ ಮಾಡೋದ್ರಿ ಅಮ್ಮಾ? ಜೀವ ಉಳೀಬೇಕಲ್ಲ."

ಆಯಿ ತಾನೂ ಬುಡ ಒತ್ತಿ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ನಾ ಹಾಕಿದ ನೀರಿಗೇ ಹಿಂಗಾತೇನ?" ಎಂದಳು.

ಖಾಲಾ ಹೇಳಿದರು, "ಓಣಿಮಂದಿ ಎಲ್ಲಾ ಹಾಕ್ಯಾರ. ನಿಮ್ದೊಂದು ತಂಬಿಗಿ ಯಾವ ಲೆಕ್ಕ?"

ಆಯಿ ಗೋಡೆಯ ಕಡೆ ತಿರುಗಿ ನಿಂತಳು. "ಲಗೂನ ಮುಗಸ್ರಿ. ನಾ ನೋಡಂಗಿಲ್ಲ."

ನಾನು ಪೇಪರ್ ಸುತ್ತಿ ಹಿಡಿದೆ, ಖಾಲಾ ಉಳ್ಳಾಗಡ್ಡಿ ಹೆಚ್ಚುವ ಚಾಕುವಿನಿಂದ ಕೊಯ್ದರು. ನಾನು ಕಣ್ಣು ಮುಚ್ಚಿಕೊಂಡೆ ಎಂದು ಅವರು ಈಗಲೂ ಹೇಳುತ್ತಾರೆ. ಕಣ್ಣಿಗೆ ಧೂಳು ಬಿದ್ದಿತ್ತು.

ಗಾಯ ಒಣಗುವವರೆಗೆ ತುಂಡನ್ನು ನೆರಳಲ್ಲಿ ಮಲಗಿಸಿ, ಆಮೇಲೆ ಒಣ ಮರಳಿನಲ್ಲಿ ನಿಲ್ಲಿಸಿದೆವು. ಬೇರು ಬರುವವರೆಗೆ ಹನಿ ನೀರೂ ಕೂಡದು. ಸೋಮವಾರ ತಂಬಿಗೆಗಳು ಬಂದವು. ಆಯಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು.

"ನೀರು ಬಂದ್. ಆಪರೇಷನ್ ಆಗ್ಯದ."

ಹೆಂಗಸರು ತಿರುಗಿ ಹೋದರು. ಸಂಜೆ ಒಬ್ಬಾಕೆ ಬಿಸ್ಕೀಟು ಪುಡಿಕೆ ಹಿಡಿದು ಬಂದಳು, ಇನ್ನೊಬ್ಬಾಕೆ ಮೋಸಂಬಿ. ಹಾಸಿಗೆ ಹಿಡಿದವರನ್ನು ಬರಿಗೈಯಲ್ಲಿ ನೋಡಲು ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ. "ಈಗ ಹೆಂಗದರೀ?" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ಪೇಶಂಟಿನ ಪರವಾಗಿ ಮೋಸಂಬಿ ನಾನು ತಿಂದೆ.

ಆಯಿ ಮಾತ್ರ ಅವನ್ನು ಮುಟ್ಟಲಿಲ್ಲ. ದಿನಾ ಮಡಿಯುಟ್ಟು ಬಂದು, ಕೈ ಹಿಂದೆ ಕಟ್ಟಿಕೊಂಡು ಕುಂಡದ ಮುಂದೆ ನಿಲ್ಲುವಳು. ಕೈ ಮುಂದೆ ಬಂದರೆ ತಂಬಿಗೆ ಹುಡುಕುತ್ತದೆ ಎಂಬ ಭಯ.

ದಸರಾ ಹತ್ತಿರ ಬಂದಾಗ ಒಂದು ಬೆಳಗ್ಗೆ ನಾನು ತುದಿ ಹಿಡಿದು ಮೆಲ್ಲಗೆ ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಮರಳು ಅಲ್ಲಾಡಿತು, ಗಿಡ ಬರಲಿಲ್ಲ.

"ಆಯಿ, ಬೇರು ಹಿಡದದ!"

ಆಯಿ ನನ್ನ ಕೈ ಮೇಲೆ ಪಟ್ಟನೆ ಹೊಡೆದಳು. "ಹಿಡದದ ಅಂದಮ್ಯಾಲ ಯಾಕ ಜಗ್ಗತಿ, ಬಿಡು." ಒಳಗೆ ಹೋಗಿ ಚಹಾದ ಚಮಚದಲ್ಲಿ ನೀರು ತಂದಳು. ಅರ್ಧ ಹಾಕಿದಳು. ಉಳಿದರ್ಧವನ್ನು ನೋಡಿದಳು, ನನ್ನನ್ನು ನೋಡಿದಳು, ತಾನೇ ಕುಡಿದಳು.