ತಾಟು ಇಟ್ಟು ಅಳೆದ ಪಡಸಾಲೆ

ಮೊನ್ನೆ ಚಿಕ್ಕೋಡಿಯ ನಮ್ಮ ಮನೆಗೆ ನಿಪ್ಪಾಣಿಯಿಂದ ಒಬ್ಬ ಬಂದಿದ್ದ, ಮುಂದಿನ ಹಾಲ್‌ನ ಒಡೆದ ಗಾಜು ಬದಲಿಸಲು. ಗಾಜಿನ ಅಂಚಿಗೆ ಅವನು ಒತ್ತಿದ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಹನ್ನೆರಡು ವರ್ಷದ ಹಿಂದೆ ಇದೇ ಅಂಟು ತರಿಸಿ ನಾನು ನಮ್ಮ ಪಡಸಾಲೆಯನ್ನು ಮುಚ್ಚಿಸಿದ್ದೆ. ಅದನ್ನು ಕಟ್ಟಿದ ಗೌಂಡಿ ಮಾಮಾ ನೆನಪಾದ...

ಕೊಗನೊಳ್ಳಿಯವ. ಅವ್ವನನ್ನು ಅಕ್ಕ ಎನ್ನುತ್ತಿದ್ದ, ಹಾಗಾಗಿ ನಮಗೆ ಮಾಮಾ. ನಮ್ಮ ಜಾಗ ಪುಟ್ಟದು. ಎರಡು ಕೋಣೆ, ಒಂದು ಅಡುಗೆಮನೆ ಎಬ್ಬಿಸಿದರೆ ಮುಗಿಯಿತು. ಅದರಲ್ಲೇ ಮೂರರಲ್ಲೊಂದು ಪಾಲು ಪಡಸಾಲೆಗೆ ಬಿಡಬೇಕೆಂದು ಅವನು ಹಟ ಹಿಡಿದ. ಕೋಣೆ ಮಲಗಲಿಕ್ಕೆ, ಬಾಳುವೆ ಮಾಡುವುದು ಪಡಸಾಲೆಯಲ್ಲಿ ಎನ್ನುವುದು ಅವನ ವಾದ.

ನಾವು ಜೈನರು, ಹೊತ್ತು ಮುಳುಗುವ ಮೊದಲು ಉಣ್ಣುವವರು. ಅವ್ವನಂತೂ ಇದರಲ್ಲಿ ಬಲು ಕಟ್ಟುನಿಟ್ಟು. ದೀಪ ಹಚ್ಚಿ ಉಂಡರೆ ರಾತ್ರಿ ಉಂಡಂತೆಯೇ ಎನ್ನುವಳು. ಪಾಯ ತೋಡುವ ಮುನ್ನ ಮಾಮಾ ಮೂರು ಸಂಜೆ ಬಂದ. ಖಾಲಿ ಜಾಗದಲ್ಲಿ ಅವ್ವನನ್ನು ತಾಟಿನ ಮುಂದೆ ಅಲ್ಲೊಮ್ಮೆ ಇಲ್ಲೊಮ್ಮೆ ಕೂರಿಸಿ, ತಾಟಿನ ಮೇಲೆ ಬೆಳಕು ಕೊನೆಯವರೆಗೆ ನಿಂತಲ್ಲಿ ಸುಣ್ಣದ ಗೆರೆ ಎಳೆದ. ನಮ್ಮ ಮನೆಯ ನಕಾಶೆ ಎಂದರೆ ಅಷ್ಟೇ. ಇರಿಚಲು ಹೊಡೆಯದಷ್ಟು ಹೆಂಚು ಇಳಿಸಿದ, ಬೆಳಕಿಗೆ ಅಡ್ಡ ಬರದ ಹಾಗೆ ಕಂಬ ನಿಲ್ಲಿಸಿದ.

ಕೈಗೆ ಸಂಬಳ ಬರತೊಡಗಿದ ಮೇಲೆ ನನ್ನ ತಲೆ ತಿರುಗಿತು. ಹಾದಿಹೋಕರಿಗೆಲ್ಲ ನಮ್ಮ ತಾಟು ಕಾಣುವುದು ನಾಚಿಕೆ ಎನಿಸಿತು. ಸೋಫಾ ಇಡಲು ಹಾಲ್ ಬೇಕಾಯಿತು. ಅರೆಗೋಡೆ ಏರಿಸಿ ಕಪ್ಪು ಗಾಜು ಕೂರಿಸೋಣವೆಂದು ಮಾಮಾನನ್ನೇ ಕರೆದೆ.

"ಅಕ್ಕ ಎಲ್ಲಿ ಕುಂತ ಉಣ್ತಾಳ, ತಮ್ಮಾ?" ಎಂದ.

ಟ್ಯೂಬ್‌ಲೈಟ್ ಹಾಕಿಸುತ್ತೇನೆ ಎಂದೆ. ಅವನು ಕರಣಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಕೆಲಸ ಬೇರೆಯವರಿಂದ ಮಾಡಿಸಿದೆ.

ಬೇಸಿಗೆಯಲ್ಲಿ ಅವ್ವ ಅಂಗಳದಲ್ಲಿ ಕುಳಿತು ಉಂಡಳು. ಮಳೆಗಾಲ ಬಂತು, ಒಳಗೆ ನಾಲ್ಕು ಗಂಟೆಗೇ ಕತ್ತಲು. ಅವಳು ಸಂಜೆಯ ಊಟ ಬಿಟ್ಟಳು. ಚಾತುರ್ಮಾಸವಲ್ಲವೇ, ಒಂದೂಟದ ವ್ರತ ಹಿಡಿದಿದ್ದಾಳೆ ಎಂದುಕೊಂಡೆ. ಬಂದ ನೆಂಟರ ಮುಂದೆ ಸೋಫಾದಲ್ಲಿ ಕಾಲು ಚಾಚಿ ಕುಳಿತು ಅವಳ ವ್ರತದ ಬಗ್ಗೆ ಕೊಚ್ಚಿಕೊಂಡೆ. ಅವರು ಅವಳ ಕಾಲು ಮುಟ್ಟಿ ಹೋಗುತ್ತಿದ್ದರು. ಥೂ... ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಬಚ್ಚಲಿನ ಕಲ್ಲು ಸರಿಮಾಡಲು ಬಂದಿದ್ದ ಮಾಮಾನ ಮುಂದೆ ಅವ್ವ ಬಾಯಿ ಬಿಟ್ಟಿದ್ದಳು. ಅವನು ನನ್ನನ್ನು ಅಂಗಳಕ್ಕೆ ಕರೆದ.

"ಅಕ್ಕಂದು ವ್ರತ ಅಲ್ಲಪಾ. ತಾಟಿನ್ಯಾಗ ಏನೈತಿ ಕಾಣವಲ್ದು, ಅದಕ್ಕ ಉಣ್ಣಾಕತ್ತಿಲ್ಲ."

"ನೀ ನಿನ್ನ ಗೌಂಡಿ ಕೆಲಸ ನೋಡ್ಕೋ, ಮಾಮಾ."

"ಅದನ್ನ ನೋಡೇ ಹೇಳಾಕತ್ತೇನಿ, ತಮ್ಮಾ."

ಅವ್ವನನ್ನು ಕೇಳಲು ನನಗೆ ಮುಖವಿರಲಿಲ್ಲ. ಗಾಜು ತೆಗೆಸಬೇಕೆಂದುಕೊಂಡೆ, ಕೂರಿಸಿದ ವರ್ಷವೇ ಕಿತ್ತರೆ ಓಣಿಯವರು ನಗುತ್ತಾರೆಂದು ಮುಂದಕ್ಕೆ ಹಾಕಿದೆ. ಹಾಗೇ ಎರಡು ಮಳೆಗಾಲ ಹೋದವು. ಆಮೇಲೆ ಅವ್ವ ಹೋದಳು. ಅವತ್ತು ಬಂದ ಮಾಮಾ ಹಾಲ್‌ನೊಳಗೆ ಕಾಲಿಡಲಿಲ್ಲ, ಅಂಗಳದಲ್ಲೇ ನಿಂತಿದ್ದ. ಹೋದ ವರ್ಷ ಅವನೂ ತೀರಿಕೊಂಡನಂತೆ...

ಗಾಜಿನವನಿಗೆ ಎಲ್ಲ ಕಿತ್ತುಹಾಕು ಎಂದೆ. ಅವನು ಒಮ್ಮೆ ನನ್ನ ಮುಖ ನೋಡಿ ಕೆಲಸಕ್ಕೆ ಕೈಹಾಕಿದ. ಸಂಜೆಯ ಹೊತ್ತಿಗೆ ಪಡಸಾಲೆಯ ತುಂಬ ಬಿಸಿಲು ಹರಡಿತ್ತು. ನಾವು ಮನೆಯವರೆಲ್ಲ ಈಗ ಉಣ್ಣುವುದು ರಾತ್ರಿ ಒಂಬತ್ತಕ್ಕೆ, ಟಿವಿಯ ಮುಂದೆ.